ಷಷ್ಟಿಪೂರ್ತಿಗೆ ತುತ್ತೂರಿ ಬೇಕಾ?

(ಗುಂಪು: ಹಳೇಮನೆ ಬಳಗ. ಶನಿವಾರ ಬೆಳಿಗ್ಗೆ)

ಟ್ಯಾಂಪಾ ಅಣ್ಣ: ಚಿಕ್ಕಪ್ಪನ ಷಷ್ಟಿಪೂರ್ತಿ ದಿನ ಸಂಜೆ ಊಟದ ಹೊತ್ತಿಗೆ ಈ ಆಲ್ಬಂ ಹಾಕೋಣ. ಲಿಂಕ್ ಮೇಲಿದೆ. ದಿ ಮ್ಯಾವರಿಕ್ಸ್ ಅಂತ, ಕಂಟ್ರಿ ಬ್ಯಾಂಡ್, ಅಂದರೆ ಅಮೆರಿಕದ ಹಳ್ಳಿ ಕಡೆಯ ಹಾಡಿನ ಧಾಟಿ. ಅವರ ಹಿಟ್ ಹಾಡುಗಳನ್ನೆಲ್ಲ ಸೇರಿಸಿ 1999ರಲ್ಲಿ ತಂದದ್ದು. ನಮ್ಮ ಫ್ಲಾರಿಡಾದವರೇ, ಮಯಾಮಿ.

ಅತ್ತೆ: ಆಯ್ತು, ಕೇಳ್ತೀನಿ. ಮೊದಲು ಊಟಕ್ಕೆ ಯಾರ ಮನೆಯಿಂದ ಎಷ್ಟು ಜನ ಅಂತ ಹೇಳಿ. ಅಡುಗೆ ಭಟ್ಟರು ಎರಡು ಸಲ ಫೋನ್ ಮಾಡಿದರು.

ದೊಡ್ಡಪ್ಪ: ನಾಲ್ಕು ಹಾಡು ಕೇಳಿದೆ. ಒಂದರಲ್ಲಿ ತುತ್ತೂರಿ, ಒಂದರಲ್ಲಿ ಅಕಾರ್ಡಿಯನ್, ಇನ್ನೊಂದು ಅರವತ್ತರ ದಶಕದ ಇಂಗ್ಲೆಂಡಿನ ಪಾಪ್. ಇದು ಕಂಟ್ರಿ ಅಲ್ಲ ಕಣೋ, ದಿಬ್ಬಣದ ಬ್ಯಾಂಡ್‌ಸೆಟ್.

ಚಿಕ್ಕಮ್ಮ: 😂😂

ಟ್ಯಾಂಪಾ ಅಣ್ಣ: ದೊಡ್ಡಪ್ಪ, ಇಂಗ್ಲೆಂಡಿನ ಪಾಪ್ ಅಂತ ಸರಿಯಾಗಿ ಹಿಡಿದಿರಿ. ಅದು ಕ್ಯಾಟ್ ಸ್ಟೀವನ್ಸ್ ಬರೆದ ಹಾಡು. 1967ರಲ್ಲಿ ಟ್ರೆಮೆಲೋಸ್ ತಂಡ ಹಾಡಿ ಗೆದ್ದಿತ್ತು. ಆದರೆ ಇವರಿಗೆ ಕಂಟ್ರಿ ಗುಂಪು ಅಂತಲೇ ಗ್ರ್ಯಾಮಿ ಬಂದಿದೆ, 1996ರಲ್ಲಿ.

ದೊಡ್ಡಪ್ಪ: ಪ್ರಶಸ್ತಿ ಮಾತು ಬಿಡು. ನಮ್ಮಲ್ಲಿ ಯಾರ‍್ಯಾರಿಗೋ ಬರುತ್ತೆ. ಅಮೆರಿಕದ ಕಂಟ್ರಿ ಪಟ್ಟಿಯಲ್ಲಿ ಇವರ ಹಾಡು ಎಷ್ಟನೆಯದು?

ಟ್ಯಾಂಪಾ ಅಣ್ಣ: ಅತಿ ಮೇಲೆ ಹೋದದ್ದು 13. ಆ ಅಕಾರ್ಡಿಯನ್ ಹಾಡೇ.

ದೊಡ್ಡಪ್ಪ: ಒಂದು ಹಾಡೂ ಹತ್ತರೊಳಗೆ ಬಂದಿಲ್ಲ. ಆಲ್ಬಂ ಹೆಸರು ಮಾತ್ರ 'ಸೂಪರ್ ಕೊಲೋಸಲ್ ಸ್ಮ್ಯಾಶ್ ಹಿಟ್ಸ್'. ನಾಚಿಕೆ ಬೇಡವಾ?

ನಾನು: ಆ ಹೆಸರು ತಮ್ಮನ್ನೇ ಗೇಲಿ ಮಾಡಿಕೊಂಡದ್ದು ಅನಿಸುತ್ತೆ ದೊಡ್ಡಪ್ಪ. ಹಳೇ ಕಾಲದ ಜಾಹೀರಾತಿನ ಧಾಟಿ. ನನಗಂತೂ ಹಾಡಿಗಿಂತ ಮೊದಲು ಹೆಸರೇ ಇಷ್ಟವಾಯಿತು.

ಟ್ಯಾಂಪಾ ಅಣ್ಣ: ನೀವು ಬೈದ ಆ ತುತ್ತೂರಿ ಹಾಡು 1998ರಲ್ಲಿ ಬ್ರಿಟನ್ನಿನ ಪಟ್ಟಿಯಲ್ಲಿ 4ನೇ ಸ್ಥಾನಕ್ಕೆ ಹೋಯಿತು. ಕಂಟ್ರಿ ಪಟ್ಟಿ ಅಲ್ಲ, ಎಲ್ಲ ಹಾಡುಗಳ ಪಟ್ಟಿ.

ದೊಡ್ಡಪ್ಪ: ನೋಡು, ನೀನೇ ಹೇಳಿಬಿಟ್ಟೆ. ಬ್ರಿಟನ್ನಿನಲ್ಲಿ ಪಾಪ್ ಹಾಡಾಗಿ ಗೆದ್ದಿತು. ನಾನು ಕಾಲೇಜಿನಲ್ಲಿದ್ದಾಗಿನಿಂದ ಜಿಮ್ ರೀವ್ಸ್ ಕೇಳುತ್ತಿದ್ದೇನೆ. ಕಂಟ್ರಿ ಅಂದರೆ ಅದು. ಒಂದು ದನಿ, ಒಂದು ಗಿಟಾರ್, ಒಂದು ನೋವು. ಮುಗಿಯಿತು.

ಅತ್ತೆ: ಅಣ್ಣ, ಆ ರೆಕಾರ್ಡು ಅಪ್ಪ ಮಲಗಿದ ಮೇಲೆ ಹಾಕಿ ಎಲ್ಲರನ್ನೂ ಎಬ್ಬಿಸುತ್ತಿದ್ದೆ ನೀನು.

ನಾನು: ದೊಡ್ಡಪ್ಪ, ಬೇಜಾರು ಮಾಡಿಕೊಳ್ಳಬೇಡಿ. ನಿಮ್ಮ ಜಿಮ್ ರೀವ್ಸ್ ಹಾಡುಗಳಲ್ಲಿ ಹಿಂದೆ ಪಿಟೀಲುಗಳ ಗುಂಪೇ ಇದೆ, ಕೋರಸ್ ಇದೆ. ಅವರ ರೆಕಾರ್ಡು ಮಾಡಿಸುತ್ತಿದ್ದ ಚೆಟ್ ಅಟ್ಕಿನ್ಸ್ ಮತ್ತೆ ಅವರ ಜೊತೆಯವರು ಹಳ್ಳಿ ಪಿಟೀಲು, ಸ್ಟೀಲ್ ಗಿಟಾರ್ ಎಲ್ಲ ಹಿಂದಕ್ಕೆ ಸರಿಸಿ, ಪೇಟೆಯವರಿಗೂ ಹಿಡಿಸಲಿ ಅಂತ ಮಾಡಿದ ಸಂಗೀತ ಅದು. 'ನ್ಯಾಶ್‌ವಿಲ್ ಸೌಂಡ್' ಅಂತಾರೆ. ಆಗಲೂ ಕೆಲವರು 'ಇದು ಕಂಟ್ರಿ ಅಲ್ಲ, ಪಾಪ್' ಅಂತಲೇ ಬೈದರು. ಸಾಲದ್ದಕ್ಕೆ ರೀವ್ಸ್ ಆಫ್ರಿಕಾನ್ಸ್ ಭಾಷೆಯಲ್ಲೂ ಹಾಡಿದ್ದಾರೆ, ದಕ್ಷಿಣ ಆಫ್ರಿಕಾದಲ್ಲಿ ಅಭಿಮಾನಿಗಳು ಜಾಸ್ತಿ ಇದ್ದರು ಅಂತ.

ಟ್ಯಾಂಪಾ ಅಣ್ಣ: 🔥🔥

ಚಿಕ್ಕಮ್ಮ: ಪುಟ್ಟಿ, ದೊಡ್ಡಪ್ಪನ ಬುಡಕ್ಕೇ ಕೈ ಹಾಕಿದೆಯಲ್ಲೇ!

(ಹನ್ನೊಂದು ನಿಮಿಷ ಯಾರೂ ಏನೂ ಬರೆಯಲಿಲ್ಲ. 'ದೊಡ್ಡಪ್ಪ ಟೈಪಿಂಗ್' ಅಂತ ನಾಲ್ಕು ಸಲ ಬಂದು ಹೋಯಿತು.)

ದೊಡ್ಡಪ್ಪ: ಪಿಟೀಲು ಇತ್ತು, ಒಪ್ಪಿದೆ. ಆದರೆ ಅವು ಹಿಂದೆ ನಿಂತಿದ್ದವು. ಹಾಡುವವನಿಗೆ ಜಾಗ ಬಿಟ್ಟಿದ್ದವು. ಇಲ್ಲಿ ತುತ್ತೂರಿ ಮುಂದೆ ಬಂದು ಮಣೆ ಹಾಕಿಕೊಂಡು ಕೂತಿದೆ. ಹಾಡುಗಾರನಿಗೇ ಜಾಗ ಇಲ್ಲ.

ನಾನು: ಆ ಒಂದು ಹಾಡಿನ ಮಟ್ಟಿಗೆ ನಿಮ್ಮ ಮಾತು ಸರಿ ಅನಿಸುತ್ತೆ. ಅದು ಕುಣಿಯೋಕೆ ಅಂತಲೇ ಮಾಡಿದ್ದು. ಆದರೆ ಗ್ರ್ಯಾಮಿ ಬಂದ ಮಳೆ ಹಾಡು ಕೇಳಿ. ಬ್ಯಾಂಡಿನ ಮುಖ್ಯ ಹಾಡುಗಾರ ರೌಲ್ ಮಾಲೊ ದನಿ ಮೇಲೆ ಹೋಗುವಾಗ ಉಳಿದದ್ದೆಲ್ಲ ಪಕ್ಕಕ್ಕೆ ಸರಿಯುತ್ತೆ. ಎತ್ತರದ ದನಿಯ ಹಳೇ ಗಾಯಕ ರಾಯ್ ಆರ್ಬಿಸನ್ ನೆನಪಾಗದಿದ್ದರೆ ಹೇಳಿ.

ಟ್ಯಾಂಪಾ ಅಣ್ಣ: ನಾನು ಒಪ್ಪಲ್ಲ. ತುತ್ತೂರಿನೂ ಕಂಟ್ರಿನೇ. ಮಾಲೊ ಅಪ್ಪ ಅಮ್ಮ ಕ್ಯೂಬಾದಿಂದ ಬಂದವರು. ಅವರು ಹುಟ್ಟಿದ್ದು ಮಯಾಮಿಯಲ್ಲಿ. ಅಲ್ಲಿ ಬೆಳೆದವರಿಗೆ ಕಿಟಕಿ ತೆಗೆದರೆ ಕೇಳಿಸೋದು ಅದೇ. 1992ರ ಆಲ್ಬಂನಲ್ಲಿ ಮನೆಯವರು ಕ್ಯೂಬಾ ಬಿಟ್ಟು ಬಂದ ಕಥೆಯನ್ನೇ ಹಾಡಿದ್ದಾರೆ. ಕಂಟ್ರಿ ಅಂದರೆ ಊರು ಅಲ್ವಾ? ಅವರ ಊರಿನ ಸದ್ದು ಹಾಗಿದೆ. ಕಂಟ್ರಿಯ ತವರು ಟೆನೆಸ್ಸಿ ಬೆಟ್ಟದಲ್ಲಿ ಹುಟ್ಟಿದ ಹಾಗೆ ನಾಟಕ ಆಡಿದ್ದರೆ ಅದು ಸುಳ್ಳಾಗುತ್ತಿತ್ತು.

ಅತ್ತೆ: ಆ ಅಕಾರ್ಡಿಯನ್ ಚೆನ್ನಾಗಿದೆ. ನಮ್ಮ ಹಾರ್ಮೋನಿಯಂ ಥರ ಇದೆ. ಯಾರದು?

ಟ್ಯಾಂಪಾ ಅಣ್ಣ: ಫ್ಲಾಕೊ ಹಿಮೆನೆಸ್, ಅತ್ತೆ. ಟೆಕ್ಸಸ್‌ನ ಸ್ಯಾನ್ ಆಂಟೋನಿಯೋದವರು. ಅವರಪ್ಪನೂ ಅದನ್ನೇ ನುಡಿಸುತ್ತಿದ್ದರು. ಆ ಪೆಟ್ಟಿಗೆಯನ್ನು ಟೆಕ್ಸಸ್‌ಗೆ ತಂದವರು ಜರ್ಮನಿ, ಚೆಕ್ ಕಡೆಯಿಂದ ಬಂದ ರೈತರು. ಅವರ ಪೋಲ್ಕಾ ಕುಣಿತ ಕೇಳಿ ಅಲ್ಲಿನ ಮೆಕ್ಸಿಕನ್ ಮನೆಗಳವರು ಕಲಿತರು. ಹಾರ್ಮೋನಿಯಂ ಅಂದದ್ದೂ ಸರಿಯೇ. ಎರಡರಲ್ಲೂ ಗಾಳಿ ಊದಿ ರೀಡು ನುಡಿಸೋದೇ.

ದೊಡ್ಡಪ್ಪ: ಈಗ 'ಪಿಟೀಲೂ ಹೊರಗಿನಿಂದ ಕರ್ನಾಟಕ ಸಂಗೀತಕ್ಕೆ ಬಂತು' ಅಂತ ಶುರು ಮಾಡಬೇಡಿ. ನನಗೂ ಗೊತ್ತು. ಪಿಟೀಲು ಬಂದು ನಮ್ಮ ರಾಗ ನುಡಿಸಿತು. ತನ್ನ ರಾಗ ತರಲಿಲ್ಲ.

ನಾನು: 🤐 (ಅದನ್ನೇ ಟೈಪ್ ಮಾಡುತ್ತಿದ್ದೆ, ಅಳಿಸಿದೆ.)

ಚಿಕ್ಕಪ್ಪ: ನನ್ನ ಷಷ್ಟಿಪೂರ್ತಿಗೆ ಏನು ಹಾಕಬೇಕು ಅಂತ ನನ್ನನ್ನು ಯಾರಾದರೂ ಕೇಳ್ತೀರಾ?

ಅತ್ತೆ: ನೀನು ಸುಮ್ನಿರು. ನಿಮ್ಮ ಆಫೀಸಿನವರು ಎಷ್ಟು ಜನ, ಅದು ಹೇಳು.

ಚಿಕ್ಕಪ್ಪ: ಹದಿನೆಂಟು.

ಟ್ಯಾಂಪಾ ಅಣ್ಣ: ದೊಡ್ಡಪ್ಪ, ಕೊನೆಗೆ ಏನು? ಹಾಕೋಣವಾ ಬೇಡವಾ?

ದೊಡ್ಡಪ್ಪ: ಆ ಅಕಾರ್ಡಿಯನ್ ಹಾಡು 13ನೆಯದು ಅಂದೆಯಲ್ಲ. ಆ ವಾರ ಅದರ ಮೇಲಿದ್ದ 12 ಹಾಡು ಯಾವುವು? ಅವನ್ನೂ ಕಳಿಸು. ಕೇಳಿ ಆಮೇಲೆ ಹೇಳ್ತೀನಿ.