ಧೂಳಿನ ದಾರಿಗೆ ಯಾವ ಏರ್ ಫಿಲ್ಟರ್ ಸೂಕ್ತ?

ಪ್ರಶ್ನೆ (ಮಂಡ್ಯದಿಂದ):
ಮಾನ್ಯರೇ, ನಾನು ದಿನವೂ ಪಾಂಡವಪುರದ ಕಡೆಯ ನಮ್ಮ ಗದ್ದೆಗೆ ಡೀಸೆಲ್ ಕಾರಿನಲ್ಲಿ ಹೋಗಿಬರುತ್ತೇನೆ. ಕಬ್ಬಿನ ಕಟಾವಿನ ಕಾಲದಲ್ಲಿ ಟ್ರ್ಯಾಕ್ಟರುಗಳ ಹಿಂದೆ ಏಳುವ ಧೂಳಿನಿಂದಾಗಿ, ಹೊಸ ಕಾಗದದ ಫಿಲ್ಟರಿನ ಮಡಿಕೆ ಮಡಿಕೆಗೂ ಮೂರೇ ತಿಂಗಳಲ್ಲಿ ಕೆಮ್ಮಣ್ಣು ತುಂಬಿಕೊಂಡಿತು. ತೊಳೆದು ಮತ್ತೆ ಬಳಸುವ, ಎಣ್ಣೆ ಸವರಿದ ಹತ್ತಿಯ ಫಿಲ್ಟರ್ ಹಾಕಿಸಬಹುದೇ?

ಉತ್ತರ (ಮೈಸೂರಿನಿಂದ):
ನಿಮ್ಮ ದಾರಿಗೆ ಕಾಗದದ್ದೇ ಲೇಸು. ಹತ್ತಿಯ ಫಿಲ್ಟರ್ ಗಾಳಿಯನ್ನು ಸಲೀಸಾಗಿ ಬಿಡುತ್ತದೆ, ನಿಜ. ಆದರೆ ಸಾಮಾನ್ಯವಾಗಿ ನುಣ್ಣನೆಯ ಧೂಳನ್ನೂ ಹೆಚ್ಚಾಗಿ ಒಳಬಿಡುವುದರಿಂದ ಟರ್ಬೊದ (ಎಂಜಿನ್ನಿಗೆ ಹೆಚ್ಚು ಗಾಳಿ ತುಂಬುವ ಭಾಗ) ಅಲಗುಗಳೂ ಪಿಸ್ಟನ್ ರಿಂಗುಗಳೂ ಬೇಗ ಸವೆಯುತ್ತವೆ. ಎಣ್ಣೆ ಹೆಚ್ಚಾದರೆ ಗಾಳಿಯ ಪ್ರಮಾಣ ಅಳೆಯುವ ಸೆನ್ಸರಿಗೆ ಅಂಟಿ ಅಳತೆ ತಪ್ಪಬಹುದು. ಕಾಗದದ ಫಿಲ್ಟರಿನ ಸೋಜಿಗವೆಂದರೆ, ಸ್ವಲ್ಪ ಧೂಳು ಹಿಡಿದ ಮೇಲೆ ಅದು ಹೊಸದಿದ್ದಾಗಿನದಕ್ಕಿಂತ ಚೆನ್ನಾಗಿ ಸೋಸುತ್ತದೆ. ಆದ್ದರಿಂದ ಬಣ್ಣ ಕಂಡು ಗಾಬರಿಯಾಗಿ ವಾರವಾರವೂ ಬಿಚ್ಚಬೇಡಿ. ತಯಾರಕರು ಐಎಸ್‌ಒ 5011 (ಎಂಜಿನ್ ಏರ್ ಫಿಲ್ಟರುಗಳ ಅಂತರರಾಷ್ಟ್ರೀಯ ಮಾನದಂಡ) ಪರೀಕ್ಷೆಯ ಅಂಕಿಗಳನ್ನು ಕೊಟ್ಟಿದ್ದರೆ, ಸೋಸುವ ಶೇಕಡಾವಾರು ಪ್ರಮಾಣದೊಂದಿಗೆ ಎಷ್ಟು ಗ್ರಾಂ ಧೂಳು ಹಿಡಿಯುತ್ತದೆ ಎಂಬುದನ್ನೂ ನೋಡಿ.

ಮತ್ತೊಂದು ಉತ್ತರ (ಮದ್ದೂರಿನಿಂದ):
ಒಂದು ಮಾತು ಸೇರಿಸುತ್ತೇನೆ. ಹಣ ಉಳಿಸಲು ಹೋಗಿ ನಾನೊಮ್ಮೆ ಪಂಕ್ಚರ್ ಅಂಗಡಿಯಲ್ಲಿ ಫಿಲ್ಟರಿಗೆ ಕಂಪ್ರೆಸರಿನ ಗಾಳಿ ಹೊಡೆಸಿದ್ದೆ. ಬಿಸಿಲಿಗೆ ಹಿಡಿದಾಗ ಕಾಗದದಲ್ಲಿ ಸೂಜಿಮೊನೆಯಷ್ಟು ತೂತುಗಳು ಮಿನುಗಿದವು. ಅಂಚಿನ ರಬ್ಬರ್ ಸರಿಯಾಗಿ ಕೂರದಿದ್ದರೆ ಎಂಥ ಫಿಲ್ಟರೂ ವ್ಯರ್ಥ. ಎಂಜಿನ್ ಕಡೆಯ ಕೊಳವೆಯ ಒಳಗೆ ಬಿಳಿ ಬಟ್ಟೆಯಿಂದ ಒರೆಸಿ ನೋಡಿ. ಮಣ್ಣು ಹತ್ತಿದರೆ ಎಲ್ಲೋ ಸೋರಿಕೆಯಿದೆ ಎಂದರ್ಥ.

ಪ್ರಶ್ನೆ ಕೇಳಿದವರು:
ಒರೆಸಿ ನೋಡಿದೆ. ಬಟ್ಟೆಗೆ ಕೆಂಪು ಹತ್ತಿತು. ಫಿಲ್ಟರ್ ಕೂರುವ ಪೆಟ್ಟಿಗೆಯ ಒಂದು ಕ್ಲಿಪ್ ಮುರಿದಿತ್ತು. ಧನ್ಯವಾದಗಳು.