ಅಫಿಡವಿಟ್‌ನಲ್ಲಿ ‘ಅಲಿಯಾಸ್’ ಹಾಕಬೇಕಾ, ‘ಫಾರ್ಮರ್ಲಿ ನೋನ್ ಆಸ್’ ಹಾಕಬೇಕಾ?

ದೋಸೆಪ್ರಿಯೆ: ಮದುವೆ ಆದ ಮೇಲೆ ಹೆಸರಿನ ಕೊನೆಗೆ ಗಂಡನ ಹೆಸರು ಸೇರಿಸಿಕೊಂಡಿದ್ದೇನೆ. ಪೇಪರ್ ಜಾಹೀರಾತಿಗೆ ಟೈಪಿಸ್ಟ್ ‘ಅಲಿಯಾಸ್’ ಅಂತ ಬರೆದುಕೊಟ್ಟಿದ್ದಾರೆ. ಓದಿದರೆ ರೌಡಿ ಪಟ್ಟಿ ಥರ ಇದೆ! ಸರಿನಾ?

ಹಳೇಗುಮಾಸ್ತ: ಬೇಡಮ್ಮ, ತೆಗೆಸಿ. ಅಲಿಯಾಸ್ ಅಂದರೆ ಎರಡೂ ಹೆಸರು ಈಗಲೂ ಬಳಕೆಯಲ್ಲಿವೆ ಅಂತ. ನಮ್ಮ ಕಡೆ ಕ್ರಯಪತ್ರದಲ್ಲಿ ‘ಉರುಫ್’ ಅಂತಾರಲ್ಲ, ಅದೇ. ನೀವು ಹಳೆಯದನ್ನು ಬಿಟ್ಟಿದ್ದೀರಿ, ಹಾಗಾಗಿ ‘ಹ್ಯಾವ್ ಚೇಂಜ್ಡ್ ಮೈ ನೇಮ್ ಫ್ರಮ್... ಟು...’ ಅಂತ ನೇರವಾಗಿ ಹಾಕಿ, ಜೊತೆಗೆ ‘ವೈಡ್ (vide) ಅಫಿಡವಿಟ್ ಡೇಟೆಡ್’, ಅಂದರೆ ಇಂಥ ದಿನದ ಅಫಿಡವಿಟ್ ಪ್ರಕಾರ, ಅಂತ ತಾರೀಖು ಹಾಕಿ, ನೋಟರಿ ಮುಂದೆ ಮಾಡಿಸಿದ್ದು ಅಂತಾನೂ ಇರಲಿ.

ಕಾಫಿಪುಡಿ: ಇಂಗ್ಲಿಷಲ್ಲಿ ‘ನೇ’ (née) ಅಂತ ಹಾಕಬಹುದಲ್ವಾ? ಸ್ಟೈಲಾಗಿರತ್ತೆ.

ಹಳೇಗುಮಾಸ್ತ: ಅದು ಮದುವೆಗೆ ಮುಂಚಿನ ಮನೆತನದ ಹೆಸರಿಗೆ ಮಾತ್ರ. ನಮ್ಮಲ್ಲಿ ಬಹಳ ಜನಕ್ಕೆ ಮನೆತನದ ಹೆಸರೇ ಇಲ್ಲ, ಇನಿಷಿಯಲ್ ಅಷ್ಟೇ. ಮದುವೆ ಕರೆಯೋಲೆಗೆ ಇಟ್ಟುಕೊಳ್ಳಿ.

ಮಲೆನಾಡಿಗ: ಬರೀ ಸ್ಪೆಲ್ಲಿಂಗ್ ವ್ಯತ್ಯಾಸ ಇದ್ದವರು ಹೆಸರು ಬದಲಾವಣೆ ಅಂತ ಸುಮ್ನೆ ಬರೆಸಬೇಡಿ. ‘ಒನ್ ಅಂಡ್ ದಿ ಸೇಮ್ ಪರ್ಸನ್’ (ಎರಡೂ ಹೆಸರು ಒಬ್ಬರದೇ) ಅನ್ನೋ ಅಫಿಡವಿಟ್ ಬೇರೆ ಇದೆ. ಆಧಾರ್‌ನಲ್ಲಿ ಒಂದು, ಮಾರ್ಕ್ಸ್‌ಕಾರ್ಡ್‌ನಲ್ಲಿ ಇನ್ನೊಂದು ಅಕ್ಷರ ಇದ್ದರೆ ಮೊದಲು ಅದನ್ನೇ ಕೊಟ್ಟು ನೋಡಿ.

ದೋಸೆಪ್ರಿಯೆ: ಥ್ಯಾಂಕ್ಸ್ ಸರ್, ನಾಳೆ ತಿದ್ದಿಸುತ್ತೇನೆ.