ಹೊಟ್ಟೆಗೆ ಬ್ಯಾಂಡ್ ಹಾಕಿಸಿಕೊಂಡವರೇ, ಊಟ ಹೇಗೆ ನಿಭಾಯಿಸುತ್ತೀರಿ?

ನಮಸ್ಕಾರ. ಊರು ಧಾರವಾಡ, ಈಗ ಇರುವುದು ಮೆಲ್ಬರ್ನ್. ವಯಸ್ಸು 41. ಆರು ವಾರದ ಹಿಂದೆ ತೂಕ ಇಳಿಸಲು ಗ್ಯಾಸ್ಟ್ರಿಕ್ ಬ್ಯಾಂಡ್ ಹಾಕಿಸಿಕೊಂಡೆ. ಎರಡು ವಾರ ಬರೀ ಗಂಜಿ ನೀರು, ಸೂಪು. ಆಮೇಲೆ ರುಬ್ಬಿದ್ದು. ಈಗ ಮೆತ್ತಗಿನ ಊಟ. ಮುಂದಿನ ವಾರ ಮೊದಲ ಸಲ ಬ್ಯಾಂಡ್ ಬಿಗಿ ಮಾಡುತ್ತಾರೆ. ಆದರೆ ಈಗಾಗಲೇ ಹಸಿವು ವಾಪಸ್ ಬಂದಿದೆ, ಇಳಿದಿದ್ದ 6 ಕಿಲೋದಲ್ಲಿ 1 ಕಿಲೋ ಮತ್ತೆ ಏರಿದೆ. ಆಪರೇಷನ್ ಕೆಲಸ ಮಾಡಲಿಲ್ಲವೇನೋ ಅಂತ ರಾತ್ರಿಯೆಲ್ಲ ನಿದ್ದೆ ಇಲ್ಲ. ಇಲ್ಲಿ ಕೊಟ್ಟ ಪುಸ್ತಕದಲ್ಲಿ ಬ್ರೆಡ್, ಪಾಸ್ತಾ, ಮಾಂಸದ ಬಗ್ಗೆ ಬರೆದಿದ್ದಾರೆ, ರೊಟ್ಟಿ ಅನ್ನದ ಬಗ್ಗೆ ಒಂದು ಸಾಲೂ ಇಲ್ಲ. ಜೊತೆಗೆ ಡಿಸೆಂಬರ್‌ನಲ್ಲಿ ತಂಗಿ ಮದುವೆ. ಬ್ಯಾಂಡ್ ವಿಷಯ ಅಮ್ಮನಿಗೆ ಬಿಟ್ಟರೆ ಊರಲ್ಲಿ ಯಾರಿಗೂ ಗೊತ್ತಿಲ್ಲ. ಅನುಭವ ಇದ್ದವರು ದಯವಿಟ್ಟು ಹೇಳಿ.

ಬೆಂಗಳೂರಿನಿಂದ:

ಮೊದಲು ಆ 1 ಕಿಲೋ ಚಿಂತೆ ಬಿಡಿ. ನನಗೂ ಹಾಗೇ ಆಗಿತ್ತು, ನಾನು ಹಾಕಿಸಿಕೊಂಡಿದ್ದು 2011ರಲ್ಲಿ. ಮೊದಲ ತಿಂಗಳು ಹಸಿವು ಇಲ್ಲದಿದ್ದದ್ದು ಆಪರೇಷನ್ನಿನ ಊತದಿಂದ. ಊತ ಇಳಿಯಿತು, ಹಸಿವು ಬಂತು. ಬ್ಯಾಂಡ್ ಇನ್ನೂ ಕೆಲಸ ಶುರುವೇ ಮಾಡಿಲ್ಲ. ಈಗ ಅದು ಹೊಟ್ಟೆಯ ಮೇಲ್ಭಾಗಕ್ಕೆ ತೊಡಿಸಿದ ಸಡಿಲ ಬಳೆ, ಅಷ್ಟೇ. ಅದರ ಒಳಮೈಯಲ್ಲಿ ಸೈಕಲ್ ಟ್ಯೂಬಿನಂಥದ್ದು ಒಂದು ಇದೆ. ಅದಕ್ಕೆ ಜೋಡಿಸಿ ಚರ್ಮದ ಕೆಳಗೆ ಇಟ್ಟ ಪುಟ್ಟ ಬಿಲ್ಲೆಗೆ, ಅಂದರೆ ಪೋರ್ಟ್‌ಗೆ, ಸೂಜಿ ಚುಚ್ಚಿ ಉಪ್ಪುನೀರು ತುಂಬಿದಾಗ ಆ ಟ್ಯೂಬ್ ಉಬ್ಬುತ್ತದೆ, ದಾರಿ ಕಿರಿದಾಗುತ್ತದೆ. ಒಂದೇ ಸಲಕ್ಕೆ ಸರಿಯಾಗುವುದೂ ಇಲ್ಲ. ನನಗೆ ನಾಲ್ಕು ಸಲ ಹೋಗಬೇಕಾಯಿತು. ನೋವು ರಕ್ತ ಕೊಡುವಾಗಿನಷ್ಟೇ. ತುಂಬಿದ ಮೇಲೆ ಅಲ್ಲೇ ಕೂರಿಸಿ ಒಂದು ಲೋಟ ನೀರು ಕುಡಿಸುತ್ತಾರೆ. ನೀರು ಸಲೀಸಾಗಿ ಇಳಿಯದಿದ್ದರೆ ಮನೆಗೆ ಹೊರಡಬೇಡಿ, ಅಲ್ಲೇ ಹೇಳಿ. ಆಮೇಲೆ ಒಂದೆರಡು ದಿನ ಮತ್ತೆ ಗಂಜಿ, ಸೂಪು.

ಈಗ ಊಟದ ವಿಷಯ. ನಾನು ಮಂಡ್ಯ ಕಡೆಯವಳು. ನಮ್ಮಲ್ಲಿ ಮುದ್ದೆ ಅಗಿಯುವುದಲ್ಲ, ನುಂಗುವುದು. ಅಗಿದರೆ ಅಜ್ಜಿ ನಗುತ್ತಿದ್ದಳು. ಮೂವತ್ತೈದು ವರ್ಷ ನುಂಗಿ ನುಂಗಿ ಪಳಗಿದ ಗಂಟಲಿಗೆ ಒಂದು ದಿನ ಇದ್ದಕ್ಕಿದ್ದಂತೆ, ಇನ್ನು ಮೇಲೆ ಕಡಲೆಕಾಳಿನಷ್ಟು ತುತ್ತು, ಒಂದೊಂದನ್ನೂ ಇಪ್ಪತ್ತು ಸಲ ಅಗಿ ಅಂದರೆ ಹೇಗೆ ಕೇಳುತ್ತದೆ ಹೇಳಿ? ಎರಡನೇ ಸಲ ಬಿಗಿ ಮಾಡಿಸಿಕೊಂಡ ವಾರ ಅತ್ತೆ ಮನೆಗೆ ಹೋಗಿದ್ದೆ. ಬಸ್ಸಾರು, ಮುದ್ದೆ. ಮಾತಾಡುತ್ತಾ ಅಭ್ಯಾಸಬಲದಿಂದ ಒಂದು ತುತ್ತು ನುಂಗಿಬಿಟ್ಟೆ. ಚಿಕ್ಕದೇ, ನೆಲ್ಲಿಕಾಯಿ ಗಾತ್ರ. ಅದು ಎದೆಮೂಳೆಯ ಹಿಂದೆ ಬಂದು ನಿಂತಿತು. ನಿಂತೇ ಬಿಟ್ಟಿತು. ಮೊದಲು ಯಾರೋ ಒಳಗಿನಿಂದ ಮುಷ್ಟಿ ಒತ್ತಿದ ಹಾಗೆ, ಆಮೇಲೆ ಬಾಯಿತುಂಬ ಜೊಲ್ಲು, ಹುದುಗಿದ ಇಡ್ಲಿ ಹಿಟ್ಟಿನ ಮೇಲಿನ ನೊರೆಯಂಥದ್ದು, ಉಗಿದರೆ ಎಳೆ ಎಳೆಯಾಗಿ ಬರುತ್ತದೆ. ಬಚ್ಚಲ ಗೋಡೆ ಹಿಡಿದು ನಲವತ್ತು ನಿಮಿಷ ನಿಂತಿದ್ದೆ. ಗೊತ್ತಿಲ್ಲದೆ ಒಂದು ಗುಟುಕು ನೀರು ಬೇರೆ ಕುಡಿದೆ, ಅದು ಹೋಗಲು ದಾರಿ ಎಲ್ಲಿದೆ, ವಾಪಸ್ ಬಂತು. ಕೊನೆಗೆ ಆ ತುತ್ತು ಹೋದ ಹಾಗೇ ಮೇಲೆ ಬಂತು, ಹುಳಿಯಿಲ್ಲ, ವಾಂತಿಯ ವಾಸನೆಯೂ ಇಲ್ಲ, ಯಾಕೆಂದರೆ ಅದು ಹೊಟ್ಟೆಯನ್ನೇ ಮುಟ್ಟಿರಲಿಲ್ಲ. ಹೊರಗೆ ಬಂದರೆ ಅತ್ತೆ ಬಾಗಿಲಲ್ಲೇ ನಿಂತು, "ಏನಮ್ಮ, ವಿಶೇಷನಾ?" ಅಂದರು. ನನ್ನ ದೊಡ್ಡ ಮಗ ಆಗ ಎಸ್ಸೆಸ್ಸೆಲ್ಸಿ.

ಹಾಗಾಗಿ ಸಿಕ್ಕಿಕೊಂಡಾಗ ನೀರು ಕುಡಿಯಬೇಡಿ, ಅದರ ಮೇಲೆ ಇನ್ನೊಂದು ತುತ್ತು ಹಾಕಿ ತಳ್ಳಲೂಬೇಡಿ. ಎದ್ದು ಓಡಾಡಿ. ಆ ದಿನ ಪೂರ್ತಿ ಬರೀ ನೀರಾಹಾರ, ಏಕೆಂದರೆ ಒಳಗೆ ಕೆರಳಿ ಊದಿಕೊಂಡಿರುತ್ತದೆ, ಮತ್ತೆ ತಿಂದರೆ ಮತ್ತೆ ಸಿಕ್ಕಿಕೊಳ್ಳುತ್ತದೆ.

ನಿಮ್ಮ ಮೆಲ್ಬರ್ನ್‌ನವರೇ ಆದ ಮೊನಾಶ್ ವಿಶ್ವವಿದ್ಯಾಲಯದ ಡಾ. ಪಾಲ್ ಓಬ್ರಿಯನ್ ಈ ಬ್ಯಾಂಡ್ ಮೇಲೆ ಎಷ್ಟೋ ವರ್ಷ ಕೆಲಸ ಮಾಡಿದವರು. ಅವರ ಕಡೆಯಿಂದ ಬಂದ ಒಂದು ತಿಳಿವಳಿಕೆ ನನಗೆ ಎಲ್ಲಕ್ಕಿಂತ ಉಪಯೋಗಕ್ಕೆ ಬಂತು. ಚೆನ್ನಾಗಿ ಅಗಿದ ಒಂದು ತುತ್ತು ಬ್ಯಾಂಡ್ ದಾಟಿ ಕೆಳಗೆ ಇಳಿಯಲು ಒಂದು ನಿಮಿಷದವರೆಗೂ ಬೇಕಾಗುತ್ತದೆ. ಅನ್ನನಾಳ ಅದನ್ನು ಸ್ವಲ್ಪ ಸ್ವಲ್ಪವೇ ಹಿಂಡಿ ಇಳಿಸುತ್ತದೆ. ಆ ಹಿಂಡುವಿಕೆಯಿಂದಲೇ ಹಸಿವು ತಣಿಯುವುದು. ಮೇಲೊಂದು ಚಿಕ್ಕ ಚೀಲ ಇದೆ, ಅದನ್ನು ತುಂಬಿಸಿ ಗಡದ್ದಾಗಿ ಕೂರಬೇಕು ಅಂತ ನಾನು ವರ್ಷಗಟ್ಟಲೆ ತಪ್ಪು ತಿಳಿದಿದ್ದೆ. ತುಂಬಿಸುತ್ತಾ ಹೋದರೆ ಆ ಚೀಲ ಹಿಗ್ಗುತ್ತದೆ. ಒಂದು ತುತ್ತು, ಕೈ ತಟ್ಟೆಯಿಂದ ಹೊರಗೆ, ಒಂದು ನಿಮಿಷ. ನಾನು ಎಡಗೈಯಲ್ಲಿ ಪೇಪರ್ ಹಿಡಿದು ಓದುತ್ತೇನೆ, ಒಂದು ತುತ್ತಿಗೆ ಒಂದು ಸುದ್ದಿ.

ದೆಹಲಿಯಿಂದ:

ಬ್ಯಾಂಡ್ ಯಾಕೆ ಹಾಕಿಸಿದಿರಿ? ಈಗ ಎಲ್ಲರೂ ಸ್ಲೀವ್ ಮಾಡಿಸುತ್ತಾರೆ. ನನ್ನದು ಸ್ಲೀವ್, ಸೂಜಿ ಗೀಜಿ ರಗಳೆ ಇಲ್ಲ.

ಬೆಂಗಳೂರಿನಿಂದ, ಮತ್ತೆ:

ಸರ್, ಅವರು ಹಾಕಿಸಿಕೊಂಡಾಗಿದೆ. ಮದುವೆ ಆದವರಿಗೆ ಬೇರೆ ಹುಡುಗ ಚೆನ್ನಾಗಿದ್ದ ಅಂತ ಹೇಳಿ ಏನು ಪ್ರಯೋಜನ? ಸ್ಲೀವ್‌ನಲ್ಲಿ ಹೊಟ್ಟೆಯ ಮುಕ್ಕಾಲು ಭಾಗ ಕತ್ತರಿಸಿ ತೆಗೆಯುತ್ತಾರೆ, ಅದು ವಾಪಸ್ ಬರುವುದಿಲ್ಲ. ಬ್ಯಾಂಡ್ ಬೇಡವಾದರೆ ತೆಗೆಸಬಹುದು. ಬ್ಯಾಂಡ್ ಹಾಕುವುದು ಎಲ್ಲ ಕಡೆ ಕಡಿಮೆಯಾಗಿದೆ ಅನ್ನುವುದು ನಿಜ, ಅದನ್ನು ಒಪ್ಪುತ್ತೇನೆ.

ಬರ್ಮಿಂಗ್‌ಹ್ಯಾಮ್‌ನಿಂದ:

ನಾನು ಶಿವಮೊಗ್ಗದವನು, 2009ರಲ್ಲಿ ಬ್ಯಾಂಡ್, 2016ರಲ್ಲಿ ತೆಗೆಸಿದೆ. ಹೆದರಿಸಲು ಹೇಳುತ್ತಿಲ್ಲ, ನಾನು ಮಾಡಿದ ತಪ್ಪು ನೀವು ಮಾಡಬೇಡಿ ಅಂತ.

ಜಾಸ್ತಿ ಬಿಗಿ ಮಾಡಿಸಿದರೆ ಜಾಸ್ತಿ ಇಳಿಯುತ್ತದೆ ಅಂದುಕೊಂಡಿದ್ದೆ. ಮೊದಲ ವರ್ಷ ಚೆನ್ನಾಗೇ ಇಳಿಯಿತು, ವಾರಕ್ಕೆ ಅರ್ಧ ಕಿಲೋ, ಕೆಲವು ವಾರ ಮುಕ್ಕಾಲು. ಎರಡನೇ ವರ್ಷ ನಿಂತಿತು. ಹೋಗಿ ಹೋಗಿ ಬಿಗಿ ಮಾಡಿಸಿದೆ, ಅವರು ಸಾಕು ಅಂದರೂ ನಾನೇ ಗೋಗರೆದೆ. ಕೊನೆಗೆ ಚಪಾತಿ ಇಳಿಯದು, ಕೋಳಿ ಇಳಿಯದು, ತರಕಾರಿ ಪಲ್ಯವೂ ಇಳಿಯದು. ಇಳಿಯುತ್ತಿದ್ದದ್ದು ಯಾವುದು? ಐಸ್‌ಕ್ರೀಮ್, ಮಿಲ್ಕ್‌ಶೇಕ್, ಚಾಕೊಲೇಟ್, ಬಾಯಲ್ಲೇ ಕರಗುವ ಚಿಪ್ಸ್. ಅವಕ್ಕೆ ಬ್ಯಾಂಡ್ ಇದ್ದರೂ ಒಂದೇ ಇಲ್ಲದಿದ್ದರೂ ಒಂದೇ. ಹೀಗೆ ಬ್ಯಾಂಡ್ ಬಿಗಿಯಾದಷ್ಟೂ ತೂಕ ಏರಿತು, ನಂಬುತ್ತೀರಾ? ರಾತ್ರಿ ಮಲಗಿದರೆ ಹುಳಿತೇಗು, ಕೆಮ್ಮು. ಮೂರು ದಿಂಬು ಇಟ್ಟುಕೊಂಡು ಕುಳಿತ ಹಾಗೇ ಮಲಗುತ್ತಿದ್ದೆ. ಅದು ಬಿಗಿ ಅತಿಯಾಗಿದೆ ಅನ್ನುವ ಗುರುತು ಅಂತ ನನಗೆ ಹೊಳೆಯಲೇ ಇಲ್ಲ, ಇಲ್ಲಿನ ಚಳಿಗೆ ಕೆಮ್ಮು ಅಂದುಕೊಂಡೆ. ದಿನಾ ವಾಂತಿ ಆಗಿ ಆಗಿ ಹೊಟ್ಟೆ ಬ್ಯಾಂಡಿನೊಳಗಿಂದ ಮೇಲಕ್ಕೆ ಜಾರಿತು, ಬ್ಯಾಂಡ್ ಓರೆಯಾಗಿ ಕುಳಿತಿದ್ದು ಎಕ್ಸ್‌ರೇಯಲ್ಲೇ ಕಾಣುತ್ತಿತ್ತು. ತೆಗೆಯಲೇಬೇಕಾಯಿತು. ಒಂದೂವರೆ ವರ್ಷದಲ್ಲಿ ಇಳಿದದ್ದರಲ್ಲಿ ಬಹುಪಾಲು ವಾಪಸ್ ಬಂತು. ಆಮೇಲೆ ಹೊಟ್ಟೆಯ ಬೈಪಾಸ್ ಆಪರೇಷನ್ ಮಾಡಿಸಿಕೊಂಡೆ, ಅದು ಬೇರೆಯೇ ಕಥೆ.

ಇನ್ನೊಂದು ಮಾತು. ಬ್ಯಾಂಡ್ ಹೊಟ್ಟೆಗೆ ಹಾಕುತ್ತಾರೆ, ತಲೆಗಲ್ಲ. ಬೇಜಾರಾದಾಗ ತಿನ್ನುವುದು ನನಗೆ ಕೊನೆವರೆಗೂ ಹೋಗಲಿಲ್ಲ. ಅದಕ್ಕೆ ಯಾರ ಹತ್ತಿರವಾದರೂ ಮಾತಾಡಬೇಕಿತ್ತು, ನಾನು ಸುಮ್ನೆ ಮುಚ್ಚಿಟ್ಟುಕೊಂಡು ಕೂತೆ.

ಹುಬ್ಬಳ್ಳಿಯಿಂದ:

ಬ್ಯಾಂಡ್ ಇರುವುದು ನನ್ನ ಹೆಂಡತಿಗೆ, ಅಡಿಗೆ ಮಾಡುವುದು ನಾನು. ಹಾಗಾಗಿ ನಿಮ್ಮ ರೊಟ್ಟಿ ಪ್ರಶ್ನೆಗೆ ಉತ್ತರ ನನ್ನ ಹತ್ತಿರ ಇದೆ.

ಬಿಸಿ ಮೆತ್ತನೆ ರೊಟ್ಟಿ, ಚಪಾತಿ ಬೇಡ. ಬಾಯಲ್ಲಿ ಹಿಟ್ಟಿನ ಉಂಡೆಯಾಗಿ ಹೋಗಿ ಮುಚ್ಚಳದ ಹಾಗೆ ಕೂರುತ್ತದೆ. ಆದರೆ ಖಡಕ್ ಜೋಳದ ರೊಟ್ಟಿ ಇದೆಯಲ್ಲ, ತೆಳ್ಳಗೆ ತಟ್ಟಿ ಒಣಗಿಸಿದ್ದು, ಅದು ಇವಳಿಗೆ ಆರಾಮಾಗಿ ಇಳಿಯುತ್ತದೆ. ಅಗಿಯದೆ ನುಂಗಲು ಸಾಧ್ಯವೇ ಇಲ್ಲವಲ್ಲ, ಅದಕ್ಕೇ. ಕಾಲು ರೊಟ್ಟಿ, ಎರಡು ಚಮಚ ಮೊಳಕೆ ಹೆಸರುಕಾಳಿನ ಪಲ್ಯ, ಗಟ್ಟಿ ಮೊಸರು. ಅಷ್ಟರಲ್ಲಿ ಊಟ ಮುಗಿಯಿತು. ಅನ್ನ ಮುದ್ದೆಗಟ್ಟುತ್ತದೆ, ಮಾಡಿದರೆ ಉದುರುದುರಾಗಿ ಮಾಡಿ. ಉಪ್ಪಿಟ್ಟು ಆರಿದ ಮೇಲಂತೂ ಸಿಮೆಂಟು. ನುಗ್ಗೆಕಾಯಿ ನಾರು, ಕಿತ್ತಳೆ ತೊಳೆಯ ಮೇಲಿನ ಸಿಪ್ಪೆ, ಕೊಬ್ಬರಿ ತುರಿ, ಇವು ಮೂರೂ ಇವಳ ಶತ್ರುಗಳು. ಸೋಡಾ ಗೀಡಾ ಮುಟ್ಟುವುದಿಲ್ಲ. ಊಟ ಮಾಡುವಾಗ ನೀರಿಲ್ಲ, ಮುಗಿದ ಮೇಲೂ ಕನಿಷ್ಠ ಅರ್ಧ ಗಂಟೆ ಇಲ್ಲ. ಅದಕ್ಕೆ ಸಾರಿಗೆ ಅನ್ನ ಕಲಸಿ ಸುರಿದುಕೊಳ್ಳುವ ಅಭ್ಯಾಸವೂ ಬಿಡಬೇಕು. ನೀರಿನ ಜೊತೆ ಕೊಚ್ಚಿ ಹೋದ ಊಟಕ್ಕೆ ಹೊಟ್ಟೆ ತುಂಬುವುದಿಲ್ಲ. ಬೆಳಗ್ಗೆ ಎದ್ದ ಕೂಡಲೇ ಇವಳಿಗೆ ಜಾಸ್ತಿ ಬಿಗಿ ಅನಿಸುತ್ತದೆ, ಹತ್ತು ಗಂಟೆವರೆಗೆ ಬಿಸಿ ಚಹಾ ಬಿಟ್ಟು ಏನೂ ಇಲ್ಲ.

ನಾವು ಸಸ್ಯಾಹಾರಿಗಳು. ದಿನಕ್ಕೆ 60 ಗ್ರಾಂ ಪ್ರೋಟೀನ್ ಅಂದಾಗ ತಲೆ ಕೆಟ್ಟಿತ್ತು, ಈಗ ಪನೀರ್, ಕಾಳು, ಮೊಸರು, ಮೇಲೆ ಪ್ರೋಟೀನ್ ಪುಡಿ, ಹೀಗೆ ಹೇಗೋ ಹೊಂದಿಸುತ್ತೇವೆ. ನಾಲ್ಕನೇ ತಿಂಗಳು ಕೂದಲು ಕೈಗೆ ಬಂದು ಅತ್ತಳು. ಮತ್ತೆ ಹುಟ್ಟಿತು. ಕಬ್ಬಿಣ, ಬಿ12 ವರ್ಷಕ್ಕೊಮ್ಮೆ ಪರೀಕ್ಷೆ ಮಾಡಿಸುತ್ತೇವೆ.

ಇನ್ನು ಮದುವೆ. ಅಕ್ಕಾರ, ನೀವು ವಧುವಿನ ಅಕ್ಕ. ಪಂಕ್ತಿಯಲ್ಲಿ ಕೂರಲೇಬೇಡಿ, ಸೆರಗು ಸಿಕ್ಕಿಸಿ ಬಡಿಸುವ ಕಡೆ ನಿಂತುಬಿಡಿ! ಬಡಿಸುವವರು ಏನು ತಿಂದರು ಅಂತ ಯಾರೂ ಕೇಳುವುದಿಲ್ಲ. ಕೂತರೆ ಮಾತ್ರ ಕಷ್ಟ, ಎಲೆಯಲ್ಲಿ ಬಿಟ್ಟರೆ ಮಾತು, ನಡುವೆ ಎದ್ದರೆ ಇನ್ನೂ ದೊಡ್ಡ ಮಾತು. ಇವಳು ಎರಡು ಮದುವೆ ಹೀಗೇ ದಾಟಿಸಿದ್ದಾಳೆ. ಆಮೇಲೆ ಒಳಗೆ ಕೂತು ನಿಧಾನಕ್ಕೆ ತಿನ್ನುತ್ತಾಳೆ. ಗೋಧಿ ಹುಗ್ಗಿ ಬಗ್ಗೆ ಎಚ್ಚರ. ಸಿಕ್ಕಿಕೊಳ್ಳುತ್ತದೆ ಅಂತಲ್ಲ, ತುಪ್ಪ ಹಾಕಿದರೆ ಬಟ್ಟಲುಗಟ್ಟಲೆ ಜಾರಿ ಹೋಗುತ್ತದೆ, ಬರ್ಮಿಂಗ್‌ಹ್ಯಾಮ್‌ನವರ ಐಸ್‌ಕ್ರೀಮ್ ಹಾಗೇ.

ಮಂಗಳೂರಿನಿಂದ:

ನಾನು ನರ್ಸ್, ಇಂಥ ರೋಗಿಗಳನ್ನು ನೋಡಿಕೊಂಡಿದ್ದೇನೆ. ಪ್ರಯಾಣದ ಬಗ್ಗೆ ಯಾರೂ ಹೇಳಲಿಲ್ಲ, ಅದಕ್ಕೆ ಬರೆಯುತ್ತಿದ್ದೇನೆ.

ಹೊರಡುವ ಮುಂಚೆ ನಿಮ್ಮ ಡಾಕ್ಟರ ಹತ್ತಿರ ಒಂದು ಪತ್ರ ಬರೆಸಿಕೊಳ್ಳಿ. ಯಾವ ಕಂಪನಿಯ ಬ್ಯಾಂಡ್, ಈಗ ಎಷ್ಟು ಮಿಲಿಲೀಟರ್ ತುಂಬಿದೆ, ಪೋರ್ಟ್ ಎಲ್ಲಿದೆ. ಪೋರ್ಟ್‌ಗೆ ಮಾಮೂಲಿ ಸೂಜಿ ಚುಚ್ಚಬಾರದು, ಪೋರ್ಟ್‌ಗೆಂದೇ ಇರುವ ಹ್ಯೂಬರ್ ಸೂಜಿಯೇ ಬೇಕು, ಇಲ್ಲದಿದ್ದರೆ ಅದರ ಮೇಲಿನ ಸಿಲಿಕೋನ್ ತೂತಾಗಿ ಸೋರಲು ಶುರುವಾಗುತ್ತದೆ. ಊರಿನ ಹತ್ತಿರ ಬ್ಯಾಂಡ್ ಸಡಿಲ ಮಾಡಬಲ್ಲವರು ಯಾರಿದ್ದಾರೆ ಅಂತ ಈಗಲೇ ಫೋನ್ ಮಾಡಿ ತಿಳಿದುಕೊಳ್ಳಿ. ಮದುವೆ ಮನೆಯ ಗದ್ದಲದಲ್ಲಿ ಹುಡುಕುವುದು ಕಷ್ಟ. ಹೊರಡುವ ವಾರವೇ ಬಿಗಿ ಮಾಡಿಸಿಕೊಳ್ಳಬೇಡಿ. ಊರಿಗೆ ಬಂದವರಿಗೆ ಹೊಟ್ಟೆ ಕೆಡುವುದು ಸಾಮಾನ್ಯ ಅಲ್ವಾ, ಬ್ಯಾಂಡ್ ಇದ್ದವರಿಗೆ ವಾಂತಿ ಒಳ್ಳೆಯದಲ್ಲ, ಜಾರಲು ಅದೇ ಕಾರಣವಾಗಬಹುದು. ಓಆರ್‌ಎಸ್ ಗುಟುಕು ಗುಟುಕಾಗಿ ಕುಡಿಯಿರಿ. ಒಂದು ದಿನ ದಾಟಿದರೂ ಕುಡಿದ ನೀರು ಹೊಟ್ಟೆಯಲ್ಲಿ ನಿಲ್ಲದಿದ್ದರೆ, ಸ್ವಂತ ಉಗುಳೇ ನುಂಗಲು ಆಗದಿದ್ದರೆ, ಹೊಟ್ಟೆನೋವು ಜೋರಾದರೆ ಕಾಯಬೇಡಿ, ಆಸ್ಪತ್ರೆಗೆ ಹೋಗಿ ಬ್ಯಾಂಡ್ ಸಡಿಲ ಮಾಡಿಸಿ. ತಲೆನೋವಿಗೆ ಪ್ಯಾರಾಸಿಟಮಾಲ್ ಸಾಕು. ಐಬುಪ್ರೊಫೆನ್, ಡೈಕ್ಲೊಫೆನಾಕ್ ಥರದ್ದು ಡಾಕ್ಟರನ್ನು ಕೇಳದೆ ಬೇಡ. ದೊಡ್ಡ ಮಾತ್ರೆ ಸಿಕ್ಕಿಕೊಳ್ಳುತ್ತದೆ, ಆದರೆ ಎಲ್ಲ ಮಾತ್ರೆಯನ್ನೂ ಪುಡಿ ಮಾಡುವ ಹಾಗಿಲ್ಲ, ಯಾವುದನ್ನು ಮಾಡಬಹುದು ಅಂತ ಕೇಳಿಕೊಂಡು ಬನ್ನಿ.

ಮೆಲ್ಬರ್ನ್‌ನಿಂದ, ಎಂಟು ದಿನದ ನಂತರ:

ಎಲ್ಲರಿಗೂ ಥ್ಯಾಂಕ್ಸ್. ನಿನ್ನೆ 3 ಮಿಲಿಲೀಟರ್ ತುಂಬಿದರು. ಇನ್ನೂ ಸ್ವಲ್ಪ ಹಾಕಿ ಅಂತ ಬಾಯಿಗೆ ಬಂದಿತ್ತು, ಬರ್ಮಿಂಗ್‌ಹ್ಯಾಮ್‌ನವರು ನೆನಪಾಗಿ ಸುಮ್ಮನಾದೆ. ನೀರು ಇಳಿಯಿತು, ಒಂದು ಸಣ್ಣ ಗುಡುಗುಡು ಸದ್ದಿನ ಜೊತೆ. ಆ ಸದ್ದು ಮಾಮೂಲೇ ತಾನೆ?

ಪತ್ರ ಕೇಳಿದ್ದೇನೆ, ಬರೆದುಕೊಡುತ್ತಾರಂತೆ. ಅಮ್ಮನಿಗೆ ಫೋನ್ ಮಾಡಿ, ಬಂದಾಗ ನನಗೆ ಖಡಕ್ ರೊಟ್ಟಿ ಇದ್ದರೆ ಸಾಕು, ಬೇರೆ ಏನೂ ಮಾಡಬೇಡ ಅಂದೆ. ಎಷ್ಟು ಬೇಕು ಅಂದಳು. ದಿನಕ್ಕೆ ಕಾಲು ರೊಟ್ಟಿ ಅಂದೆ. ಸ್ವಲ್ಪ ಹೊತ್ತು ಮಾತೇ ಇಲ್ಲ. ಆಮೇಲೆ, "ಹಂಗಾರ ಐವತ್ತು ರೊಟ್ಟಿ ಮಾಡಿಸಿ ಇಡತೀನಿ" ಅಂದಳು.